ಆದಾಯದ ಮೂರರಲ್ಲೊಂದು ಪಾಲು

1971ರಲ್ಲಿ ಅಮೆರಿಕದ ಸಿಯಾಟಲ್ ವಿಮಾನ ನಿಲ್ದಾಣದ ಹತ್ತಿರ ರಸ್ತೆ ಪಕ್ಕದಲ್ಲಿ ಇಬ್ಬರು ಮನೆ ದಲ್ಲಾಳಿಗಳು ಒಂದು ದೊಡ್ಡ ಫಲಕ ಹಾಕಿಸಿದರು. ಕಟ್ಟಕಡೆಗೆ ಊರು ಬಿಡುವವರು ದೀಪ ಆರಿಸಿ ಹೋಗಬೇಕೆಂಬ ಅರ್ಥದ ತಮಾಷೆ ಅದರ ಮೇಲಿತ್ತು. ಅದರ ಹಿಂದಿನ ಸಂಕಟವೇನೂ ಸಣ್ಣದಲ್ಲ. ಊರಿಗೆ ಅನ್ನ ಹಾಕುತ್ತಿದ್ದ ಬೋಯಿಂಗ್ ಕಂಪನಿಯಲ್ಲಿ ಅರವತ್ತರ ದಶಕದ ಕೊನೆಗೆ ಒಂದು ಲಕ್ಷದಷ್ಟಿದ್ದ ನೌಕರರ ಸಂಖ್ಯೆ 38 ಸಾವಿರದ ಆಸುಪಾಸಿಗೆ ಇಳಿದಿತ್ತು. ಸೋದರಿ ನಗರವೆಂಬ ನಂಟಿಗೆ ಜಪಾನಿನ ಕೋಬೆ ನಗರ ಆಹಾರ ಕಳುಹಿಸಿಕೊಟ್ಟಿತು. ಇಷ್ಟೆಲ್ಲ ಆದರೂ, ಇವತ್ತು ಆ ಊರಿನ ಮೇಲ್ಸೇತುವೆಗಳ ಕೆಳಗೆ, ಉದ್ಯಾನಗಳ ಅಂಚಿನಲ್ಲಿ ಕಾಣುವಂಥ ಡೇರೆಗಳ ಸಾಲು ಆಗ ಇರಲಿಲ್ಲ. ಕೆಲಸವಿರಲಿಲ್ಲ ನಿಜ, ಆದರೆ ಖಾಲಿ ಮನೆಗಳಿದ್ದವು. ಬಾಡಿಗೆದಾರ ಸಿಕ್ಕರೆ ಸಾಕೆಂದು ಮಾಲೀಕರೇ ಕಾಯುತ್ತಿದ್ದ ಕಾಲ ಅದು.

ಅದೇ ಸಿಯಾಟಲ್ ಈಗ ಅಮೆರಿಕದ ಸಿರಿವಂತ ನಗರಗಳಲ್ಲೊಂದು. ಅಮೆಜಾನ್‌ನ ಕೇಂದ್ರ ಕಚೇರಿ ಊರಿನೊಳಗಿದೆ. ಸರೋವರದ ಆಚೆ ದಡದ ರೆಡ್ಮಂಡ್‌ನಲ್ಲಿ ಮೈಕ್ರೋಸಾಫ್ಟ್ ಇದೆ. ಬೆಂಗಳೂರು, ಮೈಸೂರು, ದಾವಣಗೆರೆಗಳಿಂದ ಹೋದ ನಮ್ಮ ಎಷ್ಟೋ ಮನೆಗಳ ಮಕ್ಕಳು ಅಲ್ಲಿ ಸಂಸಾರ ಹೂಡಿದ್ದಾರೆ, ಯುಗಾದಿಗೆ ಕನ್ನಡ ಸಂಘದಲ್ಲಿ ಸೇರುತ್ತಾರೆ. 2010ರಲ್ಲಿ 6.09 ಲಕ್ಷವಿದ್ದ ನಗರದ ಜನಸಂಖ್ಯೆ 2020ಕ್ಕೆ 7.37 ಲಕ್ಷಕ್ಕೇರಿತು. ಇದೇ ಅವಧಿಯಲ್ಲಿ, 2015ರ ನವೆಂಬರ್‌ನಲ್ಲಿ, ನಗರದ ಮೇಯರ್ ಮತ್ತು ನಗರ ಸೇರಿರುವ ಕಿಂಗ್ ಕೌಂಟಿಯ (ಜಿಲ್ಲೆಯ) ಮುಖ್ಯಸ್ಥರು ತುರ್ತುಸ್ಥಿತಿ ಘೋಷಿಸಿದರು. ಭೂಕಂಪಕ್ಕಲ್ಲ, ಪ್ರವಾಹಕ್ಕಲ್ಲ, ಸೂರಿಲ್ಲದವರ ಸಂಖ್ಯೆ ಮಿತಿಮೀರಿತೆಂದು. ಆಮೇಲಾದರೂ ಇಳಿಯಿತೇ? 2022ರ ಎಣಿಕೆಯಲ್ಲಿ ಕೌಂಟಿಯಲ್ಲಿ 13,368 ಮಂದಿ ಸೂರಿಲ್ಲದವರು ಸಿಕ್ಕರು. 2024ರಲ್ಲಿ ಅದು 16 ಸಾವಿರ ದಾಟಿತ್ತು.

ಬಡತನ ಬಂದಾಗ ಬೀದಿಗೆ ಬೀಳದ ಜನ ಸಿರಿ ಬಂದಾಗ ಬೀದಿಗೆ ಬಿದ್ದದ್ದು ಹೇಗೆ? ಸಾಮಾನ್ಯವಾಗಿ ಕೇಳಿಬರುವ ಉತ್ತರಗಳು ಮೂರು: ಮಾದಕ ವಸ್ತು, ಮಾನಸಿಕ ಕಾಯಿಲೆ, ಸೋಮಾರಿತನ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಗ್ರೆಗ್ ಕೋಲ್ಬರ್ನ್ ಮತ್ತು ದತ್ತಾಂಶ ವಿಜ್ಞಾನಿ ಕ್ಲೇಟನ್ ಆಲ್ಡರ್ನ್ 2022ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಉತ್ತರಗಳನ್ನು ಅಂಕಿಅಂಶಗಳಿಗೆ ತಿಕ್ಕಿ ನೋಡಿದರು. ಸೂರು ಕಳೆದುಕೊಂಡ ಒಬ್ಬೊಬ್ಬರ ಕಥೆ ಕೇಳುವುದರ ಬದಲು ಊರನ್ನು ಊರಿಗೆ ಹೋಲಿಸಿದರು. ಮಾದಕ ವಸ್ತುವಿನ ಅತಿ ಸೇವನೆಯಿಂದ ಸಾಯುವವರ ಪ್ರಮಾಣದಲ್ಲಿ ಪಶ್ಚಿಮ ವರ್ಜೀನಿಯ ರಾಜ್ಯ ದೇಶಕ್ಕೇ ಮುಂದು, ಆದರೆ ಅಲ್ಲಿ ಸೂರಿಲ್ಲದವರು ಕಡಿಮೆ. ಡೆಟ್ರಾಯ್ಟ್ ಕಡು ಬಡ ನಗರ, ಅಲ್ಲೂ ಸಿಯಾಟಲ್‌ನಷ್ಟಿಲ್ಲ. ಬಡತನ, ವ್ಯಸನ, ಹವಾಮಾನ, ಸರ್ಕಾರದ ಭತ್ಯೆ ಯಾವುದನ್ನಿಟ್ಟು ನೋಡಿದರೂ ಊರು ಊರುಗಳ ನಡುವಿನ ವ್ಯತ್ಯಾಸಕ್ಕೆ ತಾಳೆಯಾಗಲಿಲ್ಲ. ತಾಳೆಯಾದದ್ದು ಎರಡು: ಬಾಡಿಗೆ ಎಷ್ಟು, ಮತ್ತು ಖಾಲಿ ಮನೆ ಎಷ್ಟು.

ಇದನ್ನು ವಿವರಿಸಲು ಅವರು ಬಳಸಿದ ಹೋಲಿಕೆ ನಮ್ಮ ಗಣೇಶೋತ್ಸವದ ಪೆಂಡಾಲುಗಳಲ್ಲೂ ಆಡಿಸುವ ಮ್ಯೂಸಿಕಲ್ ಚೇರ್ ಆಟ. ಹತ್ತು ಮಂದಿ, ಒಂಬತ್ತು ಕುರ್ಚಿ. ಹಾಡು ನಿಂತಾಗ ಕಾಲು ಉಳುಕಿದವನು ಹೊರಗುಳಿಯುತ್ತಾನೆ. ಅವನು ಹೊರಬಿದ್ದದ್ದು ಯಾಕೆ ಎಂದು ಅವನೊಬ್ಬನನ್ನೇ ನೋಡಿ ಕೇಳಿದರೆ ಕಾಲು ಉಳುಕಿದ್ದರಿಂದ ಎನ್ನುತ್ತೇವೆ. ಆದರೆ ಹತ್ತು ಕುರ್ಚಿ ಇದ್ದಿದ್ದರೆ ಉಳುಕಿದ ಕಾಲಿನವನೂ ಕುಂಟಿಕೊಂಡು ಬಂದು ಕೂರುತ್ತಿದ್ದ. ವ್ಯಸನ, ಕಾಯಿಲೆ, ವಿಚ್ಛೇದನ ಇವೆಲ್ಲ ಯಾರು ಹೊರಬೀಳುತ್ತಾರೆ ಎಂಬುದನ್ನು ತೀರ್ಮಾನಿಸುತ್ತವೆ. ಎಷ್ಟು ಮಂದಿ ಹೊರಬೀಳುತ್ತಾರೆ ಎಂಬುದನ್ನು ತೀರ್ಮಾನಿಸುವುದು ಕುರ್ಚಿಗಳ ಲೆಕ್ಕ.

ಲೆಕ್ಕ ಇನ್ನೂ ಸೂಕ್ಷ್ಮವಾಗಿದೆ. ಅಂಕಿಅಂಶ ತಜ್ಞ ಕ್ರಿಸ್ ಗ್ಲಿನ್ ಮತ್ತು ಸಂಗಡಿಗರು ಮನೆ ಮಾರಾಟದ ಸಂಸ್ಥೆ ಝಿಲೋಗಾಗಿ 2018ರಲ್ಲಿ ಮಾಡಿದ ಅಧ್ಯಯನದಲ್ಲಿ ಒಂದು ಹೊಸ್ತಿಲು ಕಂಡಿತು. ಊರಿನ ಸರಾಸರಿ ಬಾಡಿಗೆ ಆದಾಯದ ಶೇ. 22 ದಾಟಿದಾಗ ಸೂರಿಲ್ಲದವರ ಸಂಖ್ಯೆ ಏರತೊಡಗುತ್ತದೆ. ಶೇ. 32 ದಾಟಿತೋ, ಏರಿಕೆ ಕಡಿದಾಗುತ್ತದೆ. ಅಂದರೆ ಇದು ಬಾಡಿಗೆ ಇಷ್ಟು ಹೆಚ್ಚಿದರೆ ಇಷ್ಟು ಜನ ಎಂಬ ನೇರ ಗೆರೆಯಲ್ಲ. ಕೆರೆಯ ಏರಿಯ ಹಾಗೆ. ನೀರು ಏರುತ್ತಿರುವಷ್ಟು ದಿನ ಏನೂ ಆಗುವುದಿಲ್ಲ, ಕೋಡಿ ಬಿದ್ದ ಮೇಲೆ ಪ್ರತಿ ಗೇಣು ನೀರೂ ಯಾರದೋ ಗದ್ದೆಗೆ ನುಗ್ಗುತ್ತದೆ. ಅಮೆರಿಕ ಸರ್ಕಾರದ ಲೆಕ್ಕಪರಿಶೋಧನಾ ಸಂಸ್ಥೆಯೂ 2020ರಲ್ಲಿ ಇಂಥದೇ ಲೆಕ್ಕ ಕೊಟ್ಟಿತು: ಮಧ್ಯಮ ಬಾಡಿಗೆ ತಿಂಗಳಿಗೆ 100 ಡಾಲರ್ ಹೆಚ್ಚಿದ ಕಡೆ ಸೂರಿಲ್ಲದವರ ಪ್ರಮಾಣ ಸುಮಾರು ಶೇ. 9ರಷ್ಟು ಹೆಚ್ಚಿರುತ್ತದೆ.

ಈಗ ಕೈಬೆರಳಿನ ಲೆಕ್ಕ ಹಾಕೋಣ. 2025ರಲ್ಲಿ ಸಿಯಾಟಲ್‌ನ ಕನಿಷ್ಠ ಕೂಲಿ ಗಂಟೆಗೆ 20.76 ಡಾಲರ್, ದೇಶದಲ್ಲೇ ಅತಿ ಹೆಚ್ಚಿನವುಗಳಲ್ಲೊಂದು. ವಾರಕ್ಕೆ 40 ಗಂಟೆ, ಒಂದು ವಾರವೂ ತಪ್ಪದೆ ದುಡಿದರೆ ತಿಂಗಳಿಗೆ 3,600 ಡಾಲರ್ ಕೈಗೆ ಬರಬಹುದು, ಅದೂ ತೆರಿಗೆ ಹಿಡಿಯುವ ಮೊದಲು. ಅದರ ಮೂರರಲ್ಲೊಂದು ಪಾಲು 1,200. ಒಂದು ಬೆಡ್‌ರೂಮಿನ ಮನೆಯ ಬಾಡಿಗೆ ಎರಡು ಸಾವಿರದ ಆಸುಪಾಸಿನಲ್ಲಿದೆ. ದೇಶದ ಅತಿ ಹೆಚ್ಚಿನ ಕನಿಷ್ಠ ಕೂಲಿಗಳಲ್ಲೊಂದನ್ನು ಪಡೆಯುವ ಕಾರ್ಮಿಕನೂ ಒಂಟಿಯಾಗಿದ್ದರೆ ಹೊಸ್ತಿಲಿನ ಆಚೆಗೇ ಇದ್ದಾನೆ.

ಈ ಕೂಲಿಯ ಹಿಂದೆಯೂ ಒಂದು ಕೌನ್ಸಿಲ್ ಚುನಾವಣೆಯ ಕಥೆಯಿದೆ. ಸಿಯಾಟಲ್ ನಗರ ಕೌನ್ಸಿಲ್‌ನಲ್ಲಿ ಇರುವುದು ಒಂಬತ್ತೇ ಸ್ಥಾನ. 2013ರಲ್ಲಿ ಅರ್ಥಶಾಸ್ತ್ರದ ಪಾಠ ಹೇಳುತ್ತಿದ್ದ, ಪುಣೆಯಲ್ಲಿ ಹುಟ್ಟಿ ಮುಂಬೈಯಲ್ಲಿ ಬೆಳೆದ ಕ್ಷಮಾ ಸಾವಂತ್ ಸಮಾಜವಾದಿ ಅಭ್ಯರ್ಥಿಯಾಗಿ ನಿಂತು, ಹದಿನಾರು ವರ್ಷದಿಂದ ಕೂತಿದ್ದ ಸದಸ್ಯರನ್ನು ಸೋಲಿಸಿದರು. ಗಂಟೆಗೆ 15 ಡಾಲರ್ ಕೂಲಿ, ಬಾಡಿಗೆಗೆ ಕಡಿವಾಣ, ಸಿರಿವಂತರ ಮೇಲೆ ತೆರಿಗೆ ಇವೇ ಅವರ ಪ್ರಚಾರದ ಮಾತುಗಳು. ಮರುವರ್ಷವೇ ಕೂಲಿಯ ಕಾನೂನು ಬಂತು. ಬಾಡಿಗೆಯ ಕಡಿವಾಣ ಬರಲಿಲ್ಲ, ಬರುವಂತೆಯೂ ಇರಲಿಲ್ಲ. ನಗರಗಳು ಬಾಡಿಗೆ ನಿಯಂತ್ರಿಸಕೂಡದೆಂದು ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯ 1981ರಲ್ಲೇ ಕಾನೂನು ಮಾಡಿಟ್ಟಿದೆ.

ಬಂದ ಸಣ್ಣಪುಟ್ಟ ಕಾನೂನುಗಳಲ್ಲಿ ಒಂದನ್ನು ಇಲ್ಲಿ ಹೇಳಲೇಬೇಕು, ನಮಗದು ತೀರ ಹತ್ತಿರದ್ದು. 2016ರ ಕೊನೆಯಲ್ಲಿ ಕೌನ್ಸಿಲ್ ಒಂದು ನಿಯಮ ತಂದಿತು: ಮನೆಗೆ ಬರುವಾಗ ಕೊಡುವ ಅಡ್ವಾನ್ಸ್ ಮತ್ತು ಇತರ ಶುಲ್ಕ ಸೇರಿ ಒಂದು ತಿಂಗಳ ಬಾಡಿಗೆ ಮೀರಬಾರದು, ಅದನ್ನೂ ಕಂತಿನಲ್ಲಿ ಕೊಡಬಹುದು. ಹತ್ತು ತಿಂಗಳ ಅಡ್ವಾನ್ಸ್ ಎಣಿಸಿಕೊಟ್ಟು, ಮನೆ ಬಿಡುವಾಗ ಸುಣ್ಣ ಬಣ್ಣದ ಲೆಕ್ಕಕ್ಕೆ ಒಂದು ತಿಂಗಳದ್ದನ್ನು ಕೈಬಿಟ್ಟು ಬಂದ ಬೆಂಗಳೂರಿಗರಿಗೆ ಇದನ್ನು ಓದಿದರೆ ನಗು ಬರಬೇಕೋ ಅಳು ಬರಬೇಕೋ ಗೊತ್ತಾಗದು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಎರಡು ತಿಂಗಳ ಮಿತಿ ಹೇಳುತ್ತದೆ, ಆದರೆ ಅದು ಮಾದರಿ ಮಾತ್ರ. ಆರು ಸಾವಿರದ ಒಂದು ಕೋಣೆಗೆ ಹತ್ತು ತಿಂಗಳ ಲೆಕ್ಕದಲ್ಲಿ ಅರವತ್ತು ಸಾವಿರ ಒಟ್ಟಿಗೆ ತರಬೇಕಾದವರು ನಮ್ಮಲ್ಲಿ ಬಡ್ಡಿಗೆ ಸಾಲ ಮಾಡುತ್ತಾರೆ, ಇಲ್ಲವೆ ಊರಾಚೆ ಖಾಲಿ ಸೈಟಿನಲ್ಲಿ ಟಾರ್ಪಾಲಿನ ಶೆಡ್ ಹಾಕಿಕೊಳ್ಳುತ್ತಾರೆ. ಕೋಡಿ ನಮ್ಮಲ್ಲೂ ಬಿದ್ದಿದೆ, ಅಳೆಯುವ ಕಲ್ಲು ನೆಟ್ಟಿಲ್ಲ ಅಷ್ಟೆ. ಸಿಯಾಟಲ್‌ನಲ್ಲಿ ಎರಡು ವರ್ಷಕ್ಕೊಮ್ಮೆ ಎಣಿಸುತ್ತಾರೆ. ನಾವು ಇವತ್ತಿಗೂ ಹೇಳುವುದು 2011ರ ಜನಗಣತಿಯ ಅಂಕಿ: ದೇಶದಲ್ಲಿ 17.7 ಲಕ್ಷ ಸೂರಿಲ್ಲದವರು. ಅದೇ ಗಣತಿಯಲ್ಲಿ ನಗರಗಳಲ್ಲಿ ಬೀಗ ಹಾಕಿದ ಖಾಲಿ ಮನೆಗಳು 1.11 ಕೋಟಿ. ಮರುವರ್ಷ ಕೇಂದ್ರದ ತಜ್ಞರ ತಂಡ ನಗರಗಳಲ್ಲಿ 1.88 ಕೋಟಿ ಮನೆಗಳ ಕೊರತೆಯಿದೆ ಎಂದಿತು, ಅದರಲ್ಲಿ ಶೇ. 96ರಷ್ಟು ಕೊರತೆ ಕಡಿಮೆ ಆದಾಯದವರದ್ದು. ಇದನ್ನೆಲ್ಲ ಮುಂದಿಟ್ಟುಕೊಂಡು ವಾರ್ಡಿನಲ್ಲಿ ಮತ ಕೇಳೋಣವೆಂದರೆ, ಬೆಂಗಳೂರು ಮಹಾನಗರ ಪಾಲಿಕೆಯ (ಬಿಬಿಎಂಪಿ) ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್ 10ಕ್ಕೇ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕೆಂದು ಸಂವಿಧಾನ ಹೇಳಿದ್ದರೂ ಐದು ವರ್ಷ ಕಳೆದವು, 2025ರಲ್ಲಿ ಒಂದು ಪಾಲಿಕೆ ಐದಾದದ್ದೂ ಅಧಿಕಾರಿಗಳ ಆಡಳಿತದಲ್ಲೇ.

ಸಿಯಾಟಲ್‌ಗೆ ಮರಳೋಣ. ಅಲ್ಲಿ ಕಣವಿದೆ, ಆದರೆ ಕಣವಿದ್ದ ಮಾತ್ರಕ್ಕೆ ಮನೆ ಏಳುವುದಿಲ್ಲ. 2018ರ ಮೇ 14ರಂದು ಕೌನ್ಸಿಲ್ ಒಮ್ಮತದಿಂದ ದೊಡ್ಡ ಕಂಪನಿಗಳ ಮೇಲೆ ಪ್ರತಿ ನೌಕರನಿಗೆ ವರ್ಷಕ್ಕೆ 275 ಡಾಲರ್ ತೆರಿಗೆ ಹಾಕಿತು, ಹಣ ವಸತಿಗೆ ಮತ್ತು ಸೂರಿಲ್ಲದವರ ನೆರವಿಗೆಂದು. ನಾಲ್ಕೇ ವಾರದಲ್ಲಿ, ಜೂನ್ 12ಕ್ಕೆ, ಅದೇ ಕೌನ್ಸಿಲ್ 7–2 ಮತಗಳಿಂದ ಅದನ್ನು ರದ್ದು ಮಾಡಿತು. ನಡುವೆ ಆದದ್ದೇನು ಎಂದರೆ, ತೆರಿಗೆಯ ಚರ್ಚೆ ನಡೆಯುತ್ತಿದ್ದಾಗಲೇ ಅಮೆಜಾನ್ ಹೊಸ ಕಟ್ಟಡದ ಯೋಜನೆ ನಿಲ್ಲಿಸುತ್ತೇನೆ ಎಂದಿತ್ತು, ವ್ಯಾಪಾರಿ ಗುಂಪುಗಳು ಸಹಿ ಸಂಗ್ರಹಕ್ಕೆ ಇಳಿದಿದ್ದವು. ಮರುವರ್ಷದ ಚುನಾವಣೆಗೆ ಆ ಕಂಪನಿ ಸುಮಾರು 15 ಲಕ್ಷ ಡಾಲರ್ ಸುರಿಯಿತು. ಅದು ತಿರುಗುಬಾಣವಾಯಿತು; ವಾಣಿಜ್ಯ ಸಂಘ ಬೆಂಬಲಿಸಿದ ಏಳು ಅಭ್ಯರ್ಥಿಗಳಲ್ಲಿ ಐವರು ಸೋತರು, ಸಾವಂತ್ ಗೆದ್ದರು. 2020ರ ಜುಲೈನಲ್ಲಿ ಕೌನ್ಸಿಲ್ ಸದಸ್ಯೆ ತೆರೆಸಾ ಮಸ್ಕೆಡಾ ಮುಂದಿಟ್ಟ ಹೊಸ ತೆರಿಗೆ ಅಂಗೀಕಾರವಾಯಿತು. ಈ ಸಲ ನೌಕರರ ತಲೆ ಎಣಿಸಲಿಲ್ಲ, ದೊಡ್ಡ ಸಂಬಳಗಳನ್ನು ಎಣಿಸಿದರು. ಜಂಪ್‌ಸ್ಟಾರ್ಟ್ ಎಂದು ಹೆಸರಾದ ಈ ತೆರಿಗೆಯಿಂದ ವರ್ಷಕ್ಕೆ 20 ಕೋಟಿ ಡಾಲರಿಗೂ ಹೆಚ್ಚು ಬರತೊಡಗಿತು.

ಹಣವಿಲ್ಲದವರು ಕಣಕ್ಕಿಳಿಯಲು ಇನ್ನೊಂದು ಏರ್ಪಾಡೂ ಅಲ್ಲಿದೆ. 2015ರಲ್ಲಿ ಮತದಾರರೇ ಒಪ್ಪಿದ ಪದ್ಧತಿಯಂತೆ ನಗರವು ಪ್ರತಿ ಅರ್ಹ ನಿವಾಸಿಗೆ ತಲಾ 25 ಡಾಲರಿನ ನಾಲ್ಕು ಚೀಟಿ ಕೊಡುತ್ತದೆ. ಇಷ್ಟವಾದ ಅಭ್ಯರ್ಥಿಗೆ ಅದನ್ನು ಕೊಟ್ಟರೆ ಅಭ್ಯರ್ಥಿ ಪ್ರಚಾರಕ್ಕೆ ಹಣವಾಗಿ ಬದಲಿಸಿಕೊಳ್ಳುತ್ತಾನೆ. ಬಾಡಿಗೆ ಕಟ್ಟಿದ ಮೇಲೆ ಜೇಬಿನಲ್ಲಿ ಏನೂ ಉಳಿಯದ ಮನುಷ್ಯನೂ ದಾನಿಯಾಗಬಹುದು. ಮನೆಮನೆ ಸುತ್ತಿದ ಸ್ವಯಂಸೇವಕರ ಬಲ 2023ರ ಫೆಬ್ರವರಿಯ ಜನಮತದಲ್ಲೂ ಕಂಡಿತು. ನಗರವೇ ಕಟ್ಟಿ, ನಗರವೇ ಇಟ್ಟುಕೊಂಡು, ಬಡವರಿಗೂ ಮಧ್ಯಮವರ್ಗದವರಿಗೂ ಬಾಡಿಗೆಗೆ ಕೊಡುವ ಸಾರ್ವಜನಿಕ ವಸತಿ ಸಂಸ್ಥೆಯೊಂದನ್ನು ಸ್ಥಾಪಿಸಲು ಶೇ. 57 ಮಂದಿ ಒಪ್ಪಿದರು. ಮೇಲ್ಪಂಕ್ತಿ ವಿಯೆನ್ನಾ, ಅಲ್ಲಿ ನಗರದ ಒಡೆತನದಲ್ಲೇ ಎರಡು ಲಕ್ಷಕ್ಕೂ ಹೆಚ್ಚು ಮನೆಗಳಿವೆ. ಎರಡು ವರ್ಷದ ನಂತರ, 2025ರ ಫೆಬ್ರವರಿಯಲ್ಲಿ, ವರ್ಷಕ್ಕೆ ಹತ್ತು ಲಕ್ಷ ಡಾಲರ್ ಮೀರಿದ ಸಂಬಳದ ಹೆಚ್ಚುವರಿ ಭಾಗದ ಮೇಲೆ ಕಂಪನಿಗಳಿಂದ ಶೇ. 5 ತೆರಿಗೆ ವಸೂಲಿ ಮಾಡಿ ಆ ಸಂಸ್ಥೆಗೆ ಕೊಡಲೂ ಮತದಾರರು ಹೂಂ ಎಂದರು. ಅದೇ ನವೆಂಬರ್‌ನಲ್ಲಿ, ಬಸ್ ಪ್ರಯಾಣಿಕರ ಸಂಘ ಕಟ್ಟಿ ಬೆಳೆದ ಕೇಟಿ ವಿಲ್ಸನ್ ಎಂಬ ಬಾಡಿಗೆ ಮನೆಯ ಹೆಣ್ಣುಮಗಳು ಎರಡು ಸಾವಿರದಷ್ಟು ಮತಗಳ ಅಂತರದಲ್ಲಿ ಮೇಯರ್ ಆಗಿ ಗೆದ್ದರು.

ಇಷ್ಟಾದ ಮೇಲೂ ನಾನು ಎಚ್ಚರಿಕೆಯ ಮಾತು ಬರೆಯುತ್ತಿರುವುದಕ್ಕೆ ಕಾರಣವಿದೆ. ಪ್ರಚಾರದ ಕಾಲ ಬೇರೆ, ಮನೆ ಕಟ್ಟುವ ಕಾಲ ಬೇರೆ. ಕೌನ್ಸಿಲ್‌ನ ಬಣ್ಣ ಎರಡು ವರ್ಷಕ್ಕೊಮ್ಮೆ ಬದಲಾಗಬಹುದು. ಒಂದು ಅಪಾರ್ಟ್‌ಮೆಂಟ್ ಕಾಗದದಿಂದ ಬೀಗದ ಕೈವರೆಗೆ ಬರಲು ನಾಲ್ಕೈದು ವರ್ಷ ಹಿಡಿಯುವುದುಂಟು. 2023ರ ಚುನಾವಣೆಯಲ್ಲಿ ಉದ್ಯಮಗಳತ್ತ ಒಲವಿನವರು ಕೌನ್ಸಿಲ್ ಹಿಡಿದರು. 2024ರ ಕೊನೆಗೆ, ಬಜೆಟ್ಟಿನ ತೂತು ಮುಚ್ಚಲು, ಮುಖ್ಯವಾಗಿ ವಸತಿಗೆಂದೇ ಮೀಸಲಿದ್ದ ಜಂಪ್‌ಸ್ಟಾರ್ಟ್ ಹಣವನ್ನು ಇತರ ಖರ್ಚಿಗೂ ಬಳಸುವ ದಾರಿಯನ್ನು ಶಾಶ್ವತವಾಗಿ ತೆರೆದರು. ಇತ್ತ 2022ರಿಂದ ಬಡ್ಡಿದರ ಏರಿದ ಮೇಲೆ ಹೊಸ ಕಟ್ಟಡಗಳಿಗೆ ಅರ್ಜಿ ಹಾಕುವವರು ಕಡಿಮೆಯಾದರು. ಆಗ ಅಡಿಪಾಯ ಹಾಕದ ಮನೆ ಈಗ ಬಾಡಿಗೆಗೆ ಸಿಗುವುದಿಲ್ಲ. ಕೌಂಟಿಯ ಯೋಜನೆಯ ಪ್ರಕಾರ 2044ರೊಳಗೆ ಸಿಯಾಟಲ್ ಒಂದಕ್ಕೇ 1,12,000 ಮನೆ ಹೊಸದಾಗಿ ಬೇಕು. ಇಡೀ ಕಿಂಗ್ ಕೌಂಟಿಗೆ ಮೂರು ಲಕ್ಷಕ್ಕೂ ಹೆಚ್ಚು, ಅದರಲ್ಲಿ ಮೂರನೇ ಒಂದು ಭಾಗಕ್ಕೂ ಮಿಗಿಲು ಕಡುಬಡವರಿಗೆ. ಇದರ ಮೇಲೆ, 2025ರ ನವೆಂಬರ್‌ನಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಸೂರಿಲ್ಲದವರ ನೆರವಿನ ಅನುದಾನದಲ್ಲಿ ಶಾಶ್ವತ ವಸತಿಯ ಪಾಲನ್ನು ಶೇ. 30ಕ್ಕೆ ಮಿತಿಗೊಳಿಸುವ ನಿಯಮ ಪ್ರಕಟಿಸಿತು. ಹಲವು ರಾಜ್ಯಗಳು ನ್ಯಾಯಾಲಯದ ಮೆಟ್ಟಿಲೇರಿದವು.

ಪ್ರಚಾರಕರ ಎಲ್ಲ ಬೇಡಿಕೆಗಳೂ ವಿಜ್ಞಾನದ ಪರೀಕ್ಷೆಯಲ್ಲಿ ಪಾಸಾಗಿಲ್ಲ ಎಂಬುದನ್ನೂ ಮುಚ್ಚಿಡಬಾರದು. ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ 1994ರ ಬಾಡಿಗೆ ನಿಯಂತ್ರಣದ ಪರಿಣಾಮವನ್ನು ಸ್ಟ್ಯಾನ್‌ಫರ್ಡ್‌ನ ರೆಬೆಕಾ ಡೈಮಂಡ್ ಮತ್ತು ಜೊತೆಗಾರರು ಅಳೆದು 2019ರಲ್ಲಿ ಪ್ರಕಟಿಸಿದರು. ಇದ್ದ ಬಾಡಿಗೆದಾರರು ಅದರಿಂದ ಮನೆಯಲ್ಲಿ ಉಳಿದುಕೊಂಡರು, ವಿಶೇಷವಾಗಿ ವಯಸ್ಸಾದವರು. ಆದರೆ ಮಾಲೀಕರು ಮನೆಗಳನ್ನು ಬಾಡಿಗೆಯಿಂದ ತೆಗೆದು ಮಾರಿದರು. ನಿಯಂತ್ರಣಕ್ಕೊಳಪಟ್ಟ ಕಟ್ಟಡಗಳಲ್ಲಿ ಬಾಡಿಗೆ ಮನೆಗಳು ಶೇ. 15 ಕಡಿಮೆಯಾಗಿ, ಊರಿನ ಒಟ್ಟು ಬಾಡಿಗೆ ಶೇ. 5ರಷ್ಟು ಏರಿತು. ಮಿನೆಸೋಟದ ಸೇಂಟ್ ಪಾಲ್‌ನಲ್ಲಿ 2021ರಲ್ಲಿ ಮತದಾರರು ವರ್ಷಕ್ಕೆ ಶೇ. 3ರ ಮಿತಿ ಹಾಕಿದರು. ಹೊಸ ಕಟ್ಟಡಗಳಿಗೂ ಅದು ಅನ್ವಯವಾದ್ದರಿಂದ ಕಟ್ಟಡ ಪರವಾನಗಿಗಳ ಅರ್ಜಿ ಕುಸಿಯಿತು, ಮರುವರ್ಷವೇ ಕೌನ್ಸಿಲ್ ವಿನಾಯಿತಿ ಕೊಡಬೇಕಾಯಿತು. ವಾಷಿಂಗ್ಟನ್ ರಾಜ್ಯ ಇದರಿಂದ ಪಾಠ ಕಲಿತಂತಿದೆ. 2025ರ ಮೇನಲ್ಲಿ ಬಂದ ಅದರ ಕಾನೂನು ಬಾಡಿಗೆಯ ವಾರ್ಷಿಕ ಏರಿಕೆಯನ್ನು ಬೆಲೆಯೇರಿಕೆಯ ಮೇಲೆ ಶೇ. 7ಕ್ಕೆ ಅಥವಾ ಶೇ. 10ಕ್ಕೆ, ಯಾವುದು ಕಡಿಮೆಯೋ ಅಷ್ಟಕ್ಕೆ ನಿಲ್ಲಿಸುತ್ತದೆ. ಹೊಸ ಕಟ್ಟಡಗಳನ್ನು ಮೊದಲ ಹನ್ನೆರಡು ವರ್ಷ ಬಿಟ್ಟುಬಿಡುತ್ತದೆ.

ಹಾಗಾದರೆ ಬಿಲ್ಡರುಗಳನ್ನು ಅವರ ಪಾಡಿಗೆ ಬಿಟ್ಟರೆ ಸಾಕೇ? ಅರ್ಥಶಾಸ್ತ್ರಜ್ಞ ಇವಾನ್ ಮ್ಯಾಸ್ಟ್ ದುಬಾರಿ ಹೊಸ ಮನೆಗೆ ಬಂದವರು ಬಿಟ್ಟುಬಂದ ಮನೆಗೆ ಯಾರು ಹೋದರು, ಅವರು ಬಿಟ್ಟದ್ದಕ್ಕೆ ಯಾರು ಹೋದರು ಎಂದು ಸರಪಳಿ ಹಿಡಿದು ಹೋದರು. 100 ದುಬಾರಿ ಮನೆ ಕಟ್ಟಿದರೆ ಐದು ವರ್ಷದೊಳಗೆ ಮಧ್ಯಮ ಮಟ್ಟಕ್ಕಿಂತ ಕಡಿಮೆ ಆದಾಯದ ಬಡಾವಣೆಗಳಲ್ಲಿ 45ರಿಂದ 70 ಮನೆ ತೆರವಾದಷ್ಟು ಪರಿಣಾಮವಾಗುತ್ತದೆ ಎಂದು ಕಂಡಿತು. ಇದು ಸಣ್ಣ ಸುದ್ದಿಯಲ್ಲ, ಎಡದ ಗೆಳೆಯರು ಇದನ್ನು ಕೇಳಿಸಿಕೊಳ್ಳಬೇಕು. ಆದರೆ ತೀರ ಬಡ ಬಡಾವಣೆಗಳ ಮಟ್ಟಕ್ಕೆ ಇಳಿಯುವಾಗ ಆ ಸಂಖ್ಯೆ 17ರಿಂದ 39ರ ನಡುವಿಗೆ ಕರಗುತ್ತದೆ. ಐದು ವರ್ಷ ಕಾಯಬಲ್ಲವರಿಗೆ ಅದು ಮದ್ದು. ಬರುವ ತಿಂಗಳು ಬಾಡಿಗೆ ಕಟ್ಟಲಾಗದವರಿಗೆ ಅಲ್ಲ.

ಅಂಥವರಲ್ಲಿ ಈಗ ಹೆಚ್ಚುತ್ತಿರುವುದು ವಯಸ್ಸಾದವರು. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತಿ ಕಳವಳದ ಅಂಶ ಇದೇ, ಚುನಾವಣಾ ಭಾಷಣಗಳಲ್ಲಿ ಅತಿ ಕಡಿಮೆ ಕೇಳಿಬಂದದ್ದೂ ಇದೇ. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಡೆನ್ನಿಸ್ ಕಲ್ಹೇನ್ ಮತ್ತು ಸಂಗಡಿಗರು 2019ರಲ್ಲೇ ಬಾಸ್ಟನ್, ನ್ಯೂಯಾರ್ಕ್, ಲಾಸ್ ಏಂಜಲಿಸ್‌ನ ದಾಖಲೆಗಳನ್ನಿಟ್ಟು ಲೆಕ್ಕ ಹಾಕಿ, 65 ದಾಟಿದ ಸೂರಿಲ್ಲದವರು 2030ರ ಹೊತ್ತಿಗೆ ಮೂರು ಪಟ್ಟಿನ ಹತ್ತಿರ ಹೋಗುತ್ತಾರೆ ಎಂದು ಎಚ್ಚರಿಸಿದ್ದರು. ಯುದ್ಧಾನಂತರದ ದೊಡ್ಡ ಪೀಳಿಗೆಯ ಕಿರಿಯ ಅರ್ಧದವರು ಯೌವನದಿಂದಲೇ ಬಾಡಿಗೆಯ ಅಂಚಿನಲ್ಲಿ ಬದುಕಿದವರು, ಅವರೀಗ ಮುಪ್ಪಿಗೆ ಕಾಲಿಡುತ್ತಿದ್ದಾರೆ. ಪಿಂಚಣಿ ಏರುವುದು ಬೆಲೆ ಸೂಚ್ಯಂಕದ ಲೆಕ್ಕದಲ್ಲಿ, ಬಾಡಿಗೆ ಏರುವುದು ಊರಿಗೆ ಬಂದ ಹೊಸ ಎಂಜಿನಿಯರನ ಸಂಬಳದ ಲೆಕ್ಕದಲ್ಲಿ. ಗಂಡ ಹೆಂಡಿರಲ್ಲಿ ಒಬ್ಬರು ಹೋದರೆ ಬರುವ ಹಣ ಕುಗ್ಗುತ್ತದೆ, ಬಾಡಿಗೆ ಕುಗ್ಗುವುದಿಲ್ಲ.

ಬೀದಿ ಆ ಜೀವಕ್ಕೆ ಏನು ಮಾಡುತ್ತದೆ ಎಂಬ ಲೆಕ್ಕವೂ ಇದೆ. ಷಿಕಾಗೊ ವಿಶ್ವವಿದ್ಯಾಲಯದ ಬ್ರೂಸ್ ಮೇಯರ್ ಮತ್ತು ತಂಡ ಅಮೆರಿಕದ ಜನಗಣತಿಯಲ್ಲಿ ಸೂರಿಲ್ಲದವರೆಂದು ದಾಖಲಾದ ಒಂದು ಲಕ್ಷಕ್ಕೂ ಹೆಚ್ಚು ಮಂದಿಯ ಮುಂದಿನ ವರ್ಷಗಳನ್ನು ಹಿಂಬಾಲಿಸಿ ನೋಡಿತು. ಮನೆಯಿರುವವರಿಗಿಂತ ಅವರ ಸಾವಿನ ಪ್ರಮಾಣ ಮೂರೂವರೆ ಪಟ್ಟು. ಬೀದಿಯ ಮೇಲಿನ ನಲವತ್ತರ ಮನುಷ್ಯ, ಸಾವಿನ ಲೆಕ್ಕದಲ್ಲಿ, ಮನೆಯೊಳಗಿನ ಅರವತ್ತರ ಸಮೀಪದವನಿಗೆ ಸಮ. ಹಾಗಿದ್ದರೆ ಅರವತ್ತೈದರಲ್ಲಿ ಬೀದಿಗೆ ಬಂದವರ ಲೆಕ್ಕ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಕಿಂಗ್ ಕೌಂಟಿಯಲ್ಲಿ ಶವಪರೀಕ್ಷಾ ಇಲಾಖೆಗೆ ಬಂದ ಸೂರಿಲ್ಲದವರ ಸಾವುಗಳು 2022ರಲ್ಲಿ ಮುನ್ನೂರು ದಾಟಿದ್ದವು, 2023ರಲ್ಲಿ ನಾನೂರು.

ಕ್ಯಾಲಿಫೋರ್ನಿಯದಲ್ಲಿ ವೈದ್ಯೆ ಮಾರ್ಗೊ ಕುಶೆಲ್ ಅವರ ತಂಡ ಸೂರಿಲ್ಲದ ಸಾವಿರಾರು ಮಂದಿಯ ಸಮೀಕ್ಷೆ ಮಾಡಿ 2023ರಲ್ಲಿ ವರದಿ ಕೊಟ್ಟಿತು. ಒಂಟಿ ವಯಸ್ಕರಲ್ಲಿ ಅರ್ಧಕ್ಕರ್ಧ ಮಂದಿ ಐವತ್ತು ದಾಟಿದವರು. ಅವರಲ್ಲಿ ಹತ್ತಕ್ಕೆ ನಾಲ್ವರು ಬದುಕಿನಲ್ಲಿ ಮೊದಲ ಸಲ ಸೂರು ಕಳೆದುಕೊಂಡದ್ದೇ ಐವತ್ತರ ನಂತರ. ಮನೆ ಬಿಡುವ ಮುಂಚಿನ ಆರು ತಿಂಗಳಲ್ಲಿ ಸಮೀಕ್ಷೆಗೆ ಸಿಕ್ಕವರೆಲ್ಲರ ಮನೆಯ ಮಧ್ಯಮ ಆದಾಯ ತಿಂಗಳಿಗೆ 960 ಡಾಲರ್. ತಂಡ ಇನ್ನೊಂದು ಪ್ರಶ್ನೆಯನ್ನೂ ಕೇಳಿತ್ತು: ಬಾಡಿಗೆಗೆಂದು ತಿಂಗಳಿಗೆ ಸ್ವಲ್ಪ ನೆರವು ಸಿಕ್ಕಿದ್ದರೆ ನಿಮ್ಮ ಮನೆ ಉಳಿಯುತ್ತಿತ್ತೇ? ನೂರಕ್ಕೆ ಎಪ್ಪತ್ತು ಮಂದಿ ಹೌದೆಂದರು. ಕೇಳಿದ್ದ ಮೊತ್ತ ಮುನ್ನೂರರಿಂದ ಐನೂರು ಡಾಲರ್.